ಕೆಂಪು ಬಟ್ಟೆಯ ಭರಣಿ

ಜೂನ್ ತಿಂಗಳ ಎರಡನೇ ಶನಿವಾರ ಬೆಳಿಗ್ಗೆ ಅಮಟೆ ಮರದ ಒಂದು ಕೊಂಬೆ ಮುರಿದು ಪಕ್ಕದ ಮನೆಯ ಕಾರಿನ ಮೇಲೆ ಬಿತ್ತು. ಗಾಳಿ ಇರಲಿಲ್ಲ, ಮಳೆ ಇರಲಿಲ್ಲ. ಕಾಯಿಯ ಭಾರಕ್ಕೇ ಮುರಿದದ್ದು.

ಪಕ್ಕದ ಮನೆಯ ಮುದುಕಿಯನ್ನು ಬೀದಿಯವರೆಲ್ಲ ಮಕ್‌ಚಿಕ್ ಎಂದೇ ಕರೆಯುವುದು, ಮಲಯದಲ್ಲಿ ಚಿಕ್ಕಮ್ಮ ಎಂದ ಹಾಗೆ. ಅವರು ಹೊರಗೆ ಬಂದು ಕಾರನ್ನು ನೋಡಿದರು, ಮರವನ್ನು ನೋಡಿದರು. "ಕಾರು ಹಳೆಯದು, ಬಿಡಿ. ಇನ್ನೊಂದು ಕೊಂಬೆ ನನ್ನ ತಲೆ ಮೇಲೆ ಬೀಳುವ ಮೊದಲು ಎಲ್ಲ ಇಳಿಸಿಬಿಡಿ ಲಾ" ಎಂದು ಒಳಗೆ ಹೋದರು.

ಮಲೇಷ್ಯಾದ ನಿಲಾಯ್‌ನ ಆ ಮೂಲೆಮನೆಗೆ ಕೀರ್ತಿರಾಜ್ ಬಾಡಿಗೆಗೆ ಬಂದಾಗಲೇ ಮರ ಅಲ್ಲಿತ್ತು. ಮಲಯ ಜನ ಅದಕ್ಕೆ ಕೆಡೊಂಡೊಂಗ್ ಎನ್ನುತ್ತಾರೆ. ಮಗಳು ಶ್ರೀಯಾ ಫೋನ್ ನೋಡಿ ಇಂಗ್ಲಿಷಿನಲ್ಲಿ ಇದು ಗೋಲ್ಡನ್ ಆ್ಯಪಲ್, ಚಿನ್ನದ ಸೇಬು ಎಂದು ಹೇಳಿದ್ದಳು. ಹೆಂಡತಿ ದೇವಕಿಗೆ ಮಾತ್ರ ಅದು ಊರಿನ ಅಮಟೆ, ಗಾತ್ರದಲ್ಲಿ ದೊಡ್ಡದು ಅಷ್ಟೆ.

ಕೀರ್ತಿರಾಜ್ ಏಣಿ ಹತ್ತಿದ, ಶ್ರೀಯಾ ಬೆಡ್‌ಶೀಟ್ ಹಿಡಿದಳು, ದೇವಕಿ ಒಂದೊಂದನ್ನೂ ನೋಡಿ ಪೆಟ್ಟು ಬಿದ್ದದ್ದನ್ನು ಬೇರೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಬಟ್ಟೆಬುಟ್ಟಿ ತುಂಬಿ, ಎರಡು ಬಕೆಟ್ ತುಂಬಿ, ಉಳಿದದ್ದು ಅಡುಗೆಮನೆಯ ನೆಲದ ಮೇಲೆ ಬಂದು ಕುಳಿತಿತು.

ಕೀರ್ತಿರಾಜನ ತಾಯಿ ವಾರಿಜಾಕ್ಷಿಯಮ್ಮ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಎಪ್ಪತ್ತೆರಡು ವರ್ಷ, ಉಡುಪಿಯ ಕಡೆಯವರು, ಮಾತು ಕಡಿಮೆ ಮಾಡಿದವರಲ್ಲ.

"ಇಷ್ಟನ್ನು ಉಪ್ಪಿಗೆ ಹಾಕುದು ಯಾರು?" ಎಂದರು.

"ನಾನು" ಎಂದಳು ದೇವಕಿ.

"ನೀನಾ?"

ಅಷ್ಟೇ ಕೇಳಿದ್ದು. ದೇವಕಿಯ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು.

ಮೂರು ವರ್ಷದ ಹಿಂದೆ ಈ ಮರದ ಮೊದಲ ಫಸಲನ್ನು ಅವಳೇ ಉಪ್ಪುನೀರಿಗೆ ಹಾಕಿದ್ದಳು. ಹುಟ್ಟಿದ ಊರಿನಲ್ಲಿ ತಾಯಿ ಹಾಕುತ್ತಿದ್ದ ಕ್ರಮದಲ್ಲೇ ಹಾಕಿದ್ದಳು. ಚೌತಿಯ ಊಟಕ್ಕೆಂದು ಪುತ್ರಜಯಾದ ಹಾಲ್‌ಗೆ ಕೊಂಡುಹೋಗಿ ಭರಣಿ ಬಿಚ್ಚಿದರೆ ಮೇಲೆಲ್ಲ ಬೆರಳು ದಪ್ಪ ಬೂಷ್ಟು. ಎಂಬತ್ತು ಜನ ಕನ್ನಡದವರ ಎದುರು ವಾರಿಜಾಕ್ಷಿಯಮ್ಮ ಹೇಳಿದ್ದರು: "ಅವಳ ಕೈಗುಣವೇ ಹಾಗೆ. ಅವಳ ಕೈಯಲ್ಲಿ ಯಾವುದೂ ಉಳಿಯುದಿಲ್ಲ."

ಆ ಮಾತು ಉಪ್ಪಿನಕಾಯಿಗೆ ಮಾತ್ರ ಹೇಳಿದ್ದಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಾಯಿತು. ಶ್ರೀಯಾ ಹುಟ್ಟಿದ ಮೇಲೆ ದೇವಕಿಗೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಐದನೇ ತಿಂಗಳಲ್ಲಿ ಹೋಗಿತ್ತು. ಆ ಚೌತಿಯಿಂದ ಈಚೆಗೆ ಬಸುರಿಗೆ ಬಳೆ ತೊಡಿಸಲು ಅವಳನ್ನು ಯಾರೂ ಕರೆಯಲಿಲ್ಲ. ಎಳೆಮಗುವನ್ನು ಅವಳ ಮಡಿಲಿಗೆ ಯಾರೂ ಕೊಡಲಿಲ್ಲ. ಬಾಯಿಬಿಟ್ಟು ಬೇಡ ಎನ್ನುವಷ್ಟು ಪ್ರಾಮಾಣಿಕತೆಯೂ ಆ ಜನಕ್ಕಿರಲಿಲ್ಲ. ಅವಳು ಹತ್ತಿರ ಹೋದಾಗ ಮಗುವಿಗೆ ಹಸಿವೆ ಎನ್ನುತ್ತಿದ್ದರು, ನಿದ್ದೆ ಎನ್ನುತ್ತಿದ್ದರು.

ಈ ವರ್ಷ ವಾರಿಜಾಕ್ಷಿಯಮ್ಮನ ಮಗಳು ವಂದನಾ ಬಸುರಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ. ಅವಳೂ ಗಂಡ ಸಂತೋಷನೂ ಪುತ್ರಜಯಾದಲ್ಲಿದ್ದಾರೆ. ಆಗಸ್ಟಿನಲ್ಲಿ ಬಯಕೆ ಊಟ.

"ವಂದನಾಳ ಬಯಕೆಗೆ ಈ ಅಮಟೆಯೇ ಆಗ್ಬೇಕು. ನಾನು ಹಾಕ್ತೇನೆ. ನೀನು ತೊಳೆದು ಒರೆಸಿ ಕೊಡು, ಸಾಕು" ಎಂದರು ವಾರಿಜಾಕ್ಷಿಯಮ್ಮ.

"ಒರೆಸುವ ಕೈ ಆಗ್ತದೆ, ಹಾಕುವ ಕೈ ಆಗುದಿಲ್ಲವಾ?"

"ನಾನು ಹಾಗೆ ಹೇಳಿದೆನಾ?"

"ಎಂಬತ್ತು ಜನರ ಎದುರು ಹೇಳಿದ್ದೀರಿ ಅತ್ತೆ. ಈಗ ನಾಲ್ಕು ಜನರ ಎದುರು ಯಾಕೆ ನಾಚಿಕೆ?"

ಕೀರ್ತಿರಾಜ್ ಏಣಿ ಮಡಚಿ ಒಳಗೆ ಬಂದ. ಅವನು ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುವವನು. "ಯಾರಾದರೂ ಹಾಕಿ ಮಾರಾಯ್ತಿ. ನಾನು ಕಾಲೇಜಿನಲ್ಲಿ ದಿನವಿಡೀ ಭರಣಿಯಲ್ಲಿಟ್ಟದ್ದನ್ನೇ ನೋಡುದು" ಎಂದು ನಕ್ಕ. ಯಾರೂ ನಗಲಿಲ್ಲ. ಅವನ ಕಾಲೇಜಿನ ಭರಣಿಗಳಲ್ಲಿ ತಿಂಗಳು ತುಂಬದ ಶಿಶುಗಳೂ ಇರುತ್ತವೆಂದು ಅವನಿಗೆ ತಡವಾಗಿ ನೆನಪಾಯಿತು. ಸ್ನಾನಕ್ಕೆ ಹೋದ.

"ಅರ್ಧ ನಿಮ್ಮದು, ಅರ್ಧ ನಂದು" ಎಂದಳು ದೇವಕಿ. "ಮೂರು ಭರಣಿ ನಿಮಗೆ, ಮೂರು ನನಗೆ. ಬಯಕೆಯ ದಿನ ಎಲ್ಲರ ಎದುರೇ ಬಿಚ್ಚುವ. ಯಾರದ್ದು ಉಳಿದಿರ್ತದೋ ಅವರ ಕೈಯಿಂದ ವಂದನಾಳ ಎಲೆಗೆ ಮೊದಲ ತುತ್ತು."

"ಪಂದ್ಯ ಕಟ್ತಿದ್ದೀಯಾ?"

"ಹೌದು."

ವಾರಿಜಾಕ್ಷಿಯಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಆಗ್ಲಿ. ಅಳುದು ಮಾತ್ರ ಬೇಡ ಮತ್ತೆ."

ಭಾನುವಾರ ಇಡೀ ದಿನ ಅಡುಗೆಮನೆಯಲ್ಲಿ ಬೇರೆ ಅಡುಗೆ ಆಗಲಿಲ್ಲ. ಬೆಳಿಗ್ಗೆ ಮಾಮಕ್ ಹೋಟೆಲಿನಿಂದ ರೋಟಿ ಚನಾಯ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದದ್ದನ್ನೇ ಮಧ್ಯಾಹ್ನವೂ ತಿಂದರು. ಸೆರೆಂಬಾನಿನ ತಮಿಳರ ಅಂಗಡಿಯಿಂದ ಕಲ್ಲುಪ್ಪು ಬಂತು, ಒಂದೇ ಅಳತೆಯ ಆರು ಗಾಜಿನ ಭರಣಿ ಬಂತು. ದೇವಕಿ ಭರಣಿಗಳನ್ನು ತೊಳೆದು ಬಿಸಿಲಿಗಿಟ್ಟಳು. ಕಾಯಿ ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಹರವಿದಳು. ಎರಡು ದೊಡ್ಡ ಪಾತ್ರೆಯಲ್ಲಿ ಬೇರೆ ಬೇರೆ ಉಪ್ಪುನೀರು ಕುದಿದು ಆರಿತು.

"ಅಮ್ಮಾ, ಫ್ರಿಜ್‌ನಲ್ಲಿ ಇಟ್ರೆ ಆಯ್ತಲ್ಲ, ವೈ ಸೋ ಡ್ರಾಮಾ" ಎಂದಳು ಶ್ರೀಯಾ.

"ಫ್ರಿಜ್‌ನಲ್ಲಿಟ್ಟರೆ ಅದು ಅಮಟೆಯಲ್ಲ, ಐಸು. ನಿನ್ನ ಕೈ ಒಣಗಿದೆಯಾ ನೋಡು. ಒಂದು ಹನಿ ನೀರು ಬಿದ್ದರೂ ಮುಗೀತು."

"ಉಪ್ಪುನೀರೂ ನೀರೇ ಅಲ್ವಾ?"

"ಅದು ಕುದಿದ ನೀರು. ಹಸಿನೀರು ಬೇರೆ."

ಅತ್ತೆ ಆ ಕಡೆಯ ಮೇಜಿನಲ್ಲಿ, ಸೊಸೆ ಈ ಕಡೆಯ ಮೇಜಿನಲ್ಲಿ. ಕಾಯಿ ತುಂಬಿ, ಮೇಲೆ ಕಲ್ಲಿಟ್ಟು, ನೀರು ಹೊಯ್ದರು. ವಾರಿಜಾಕ್ಷಿಯಮ್ಮ ತಮ್ಮ ಮೂರು ಭರಣಿಯ ಬಾಯಿಗೆ ಕೆಂಪು ಬಟ್ಟೆ ಕಟ್ಟಿದರು. ದೇವಕಿ ಬಿಳಿ ಬಟ್ಟೆ ಕಟ್ಟಿದಳು. ಆರನ್ನೂ ಮೆಟ್ಟಿಲ ಕೆಳಗಿನ ಕತ್ತಲೆ ಜಾಗದಲ್ಲಿ ಸಾಲಾಗಿ ಇಟ್ಟರು.

"ಇನ್ನು ಬಯಕೆಯವರೆಗೆ ಯಾರೂ ಬಿಚ್ಚುವ ಹಾಗಿಲ್ಲ" ಎಂದರು ವಾರಿಜಾಕ್ಷಿಯಮ್ಮ.

ಶುಕ್ರವಾರ ದೇವಕಿ ಅಲ್ಲಿ ಗುಡಿಸಲು ಹೋದಳು. ತನ್ನ ಒಂದು ಭರಣಿಯ ಬಿಳಿ ಬಟ್ಟೆ ಒದ್ದೆಯಾಗಿತ್ತು. ಬಗ್ಗಿ ನೋಡಿದಳು. ಗಾಜಿನ ಒಳಗೆ, ನೀರಿನ ಮೇಲೆ, ಒಂದು ತುಳಸಿ ಎಲೆ ತೇಲುತ್ತಿತ್ತು.

ಅವಳು ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕುಳಿತಳು. ಮೂರು ವರ್ಷದ ಹಿಂದೆ ಬೂಷ್ಟು ಹಿಡಿದ ಕಾಯಿಯನ್ನು ಚೆಲ್ಲುವಾಗ ತಳದಲ್ಲಿ ನಾಲ್ಕೈದು ಕಪ್ಪಾದ ಎಲೆ ಸಿಕ್ಕಿತ್ತು. ಯಾವುದೋ ಕರಿಬೇವು ಎಂದುಕೊಂಡು ಬಿಟ್ಟಿದ್ದಳು. ಉಪ್ಪುನೀರಿನ ಅಮಟೆಗೆ ಕರಿಬೇವು ಹಾಕುವವರು ಯಾರು? ಆಗ ಅದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಇಡ್ಲಿ ಒಲೆಯ ಮೇಲಿಟ್ಟು, ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಳು. ವಾರಿಜಾಕ್ಷಿಯಮ್ಮ ಪೂಜೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ಬಂದರು. ಕೃಷ್ಣನಿಗೆ ದಿನಾ ಹಾಲಿನ ಅಭಿಷೇಕ ಮಾಡುವವರು ಅವರು. ಬಟ್ಟಲಿನಲ್ಲಿ ಹಾಲೂ ನೀರೂ ತುಳಸಿಯೂ. ಮೆಟ್ಟಿಲ ಕೆಳಗೆ ಬಗ್ಗಿ, ಬಿಳಿ ಬಟ್ಟೆ ಸರಿಸಿ, ಮೂರು ಭರಣಿಗೂ ಒಂದೊಂದು ಚಮಚ ಹೊಯ್ದರು. ಏನೋ ಹೇಳಿಕೊಂಡರು. ಕೆಂಪು ಬಟ್ಟೆಯ ಹತ್ತಿರ ಹೋಗಲಿಲ್ಲ.

ದೇವಕಿ ಒಂದು ಹೆಜ್ಜೆ ಮುಂದಿಟ್ಟಳು. ನಿಂತಳು. ಬಾಯಿಗೆ ಬಂದದ್ದನ್ನು ನುಂಗಿದಳು. ನುಂಗಿ ಅಭ್ಯಾಸವಿಲ್ಲದವಳು, ಕಣ್ಣಲ್ಲಿ ನೀರು ಬಂತು. ಈಗ ಜಗಳವಾಡಿದರೆ ಕೇಳುವವರು ಇಡ್ಲಿ ತಿನ್ನುವ ಗಂಡ ಒಬ್ಬ. ಅಂದು ಎಂಬತ್ತು ಜನ ಕೇಳಿದ್ದರು.

ಅಂದು ಮಧ್ಯಾಹ್ನ ಅತ್ತೆ ಮಲಗಿದಾಗ ಅವಳು ತನ್ನ ಮೂರು ಭರಣಿಯ ನೀರು ಚೆಲ್ಲಿದಳು. ಕಾಯಿಯನ್ನು ಒರೆಸಿ ಒಣಗಿಸಿ, ಭರಣಿ ತೊಳೆದು ಬಿಸಿಲಿಗಿಟ್ಟು, ಹೊಸ ಉಪ್ಪುನೀರು ಕುದಿಸಿ ಆರಿಸಿ ಹೊಯ್ದಳು. ಆಮೇಲೆ ಅತ್ತೆಯ ಭರಣಿಗಳಿಂದ ಕೆಂಪು ಬಟ್ಟೆ ಬಿಚ್ಚಿ ತನ್ನದಕ್ಕೆ ಕಟ್ಟಿದಳು. ತನ್ನ ಬಿಳಿ ಬಟ್ಟೆಯನ್ನು ಅತ್ತೆಯದಕ್ಕೆ ಕಟ್ಟಿದಳು. ಸಾಲಿನಲ್ಲಿ ಜಾಗವನ್ನೂ ಅದಲುಬದಲು ಮಾಡಿದಳು.

ಹಿಂದೆ ಶ್ರೀಯಾ ನಿಂತಿದ್ದಳು. "ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?"

ದೇವಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಜಸ್ಟ್ ಟೆಲ್ ಹರ್ ಲಾ. ಅಜ್ಜಿಗೆ ಗೊತ್ತಿಲ್ಲ ಇರ್ಬೇಕು, ನೀರು ಹಾಕಿದ್ರೆ ಹಾಳಾಗತ್ತೆ ಅಂತ."

"ನಿನ್ನ ಅಜ್ಜಿ ಐವತ್ತು ವರ್ಷದಿಂದ ಉಪ್ಪಿನಕಾಯಿ ಹಾಕುವವರು. ನನ್ನ ಚಮಚ ಒದ್ದೆ ಇದ್ದರೆ ಬೈದವರು. ಅವರಿಗೆ ಗೊತ್ತಿಲ್ಲವಾ?"

"ದೇವರ ನೀರು ಅಂತ ಬೇರೆ ಅಂದ್ಕೊಂಡಿರಬಹುದು."

"ಹಾಗಾದರೆ ಅವರದ್ದಕ್ಕೂ ಬೀಳ್ಲಿ ದೇವರ ನೀರು. ಒಳ್ಳೆಯದೇ ಆಗ್ತದಲ್ಲ."

ಶ್ರೀಯಾ ಮೆಟ್ಟಿಲು ಹತ್ತಿ ಮೇಲೆ ಹೋದಳು.

ಎಂಟು ವಾರ ಮನೆಯಲ್ಲಿ ಜಗಳವೇ ಆಗಲಿಲ್ಲ. ಕೀರ್ತಿರಾಜ್ ಆಶ್ಚರ್ಯಪಟ್ಟ. ದೇವಕಿ ಅತ್ತೆಗೆ ಬೇಕಾದ ಗಂಜಿ ಮಾಡಿದಳು, ಚಟ್ನಿ ಅರೆದಳು, ಕಾಲಿಗೆ ಎಣ್ಣೆ ಹಚ್ಚಿದಳು. ದಿನಾ ಬೆಳಿಗ್ಗೆ ಮೆಟ್ಟಿಲ ಕೆಳಗೆ ಬಟ್ಟಲಿನ ಶಬ್ದ ಕೇಳಿದಾಗ ಇಡ್ಲಿಗೆ ಇನ್ನೊಂದು ಚಮಚ ತುಪ್ಪ ಹಾಕಿ ಕೊಟ್ಟಳು.

ಜುಲೈ ಕೊನೆಗೆ ವಾರಿಜಾಕ್ಷಿಯಮ್ಮನ ಮಾತಿಗೆ ಹೊಸ ಮೆದುತನ ಬಂತು. ಊಟದ ಹೊತ್ತಿಗೆ ಹೇಳಿದರು: "ದೇವಕಿ, ಪಂದ್ಯ ಎಲ್ಲ ಬೇಡ ಮಾರಾಯ್ತಿ. ಬಯಕೆಗೆ ನಂದು ಮೂರು ಭರಣಿ ಸಾಕು. ನಿಂದು ಮನೆಯಲ್ಲೇ ಇರ್ಲಿ."

"ಯಾಕೆ ಅತ್ತೆ?"

"ಸುಮ್ಮನೆ ಜನರ ಎದುರು ಮರ್ಯಾದೆ ಹೋಗುದು ಯಾಕೆ?"

"ನಂದು ಹಾಳಾಗಿದೆ ಅಂತ ನಿಮಗೆ ಹೇಗೆ ಗೊತ್ತು? ಬಿಚ್ಚಿ ನೋಡಿದ್ದೀರಾ?"

ವಾರಿಜಾಕ್ಷಿಯಮ್ಮ ಅನ್ನ ಕಲಸಿದರು. "ನಾನು ಯಾಕೆ ಬಿಚ್ಚಲಿ? ಒಂದು ಅಂದಾಜು ಹೇಳಿದೆ."

"ಮತ್ತೆ ನಂದೂ ಬರ್ಲಿ. ಮಜ್ಜಿಗೆ ಹಾಕ್ಲಾ?"

ಬಯಕೆಯ ದಿನ ಬೆಳಿಗ್ಗೆ ವಾರಿಜಾಕ್ಷಿಯಮ್ಮ ಸ್ನಾನಕ್ಕೆ ಹೋದಾಗ ದೇವಕಿ ಕೆಂಪು ಬಟ್ಟೆಯನ್ನು ಮತ್ತೆ ಅತ್ತೆಯ ಭರಣಿಗಳಿಗೆ ಕಟ್ಟಿದಳು, ಬಿಳಿಯದನ್ನು ತನ್ನದಕ್ಕೆ. ಎಂಟು ವಾರಕ್ಕೆ ಮೊದಲು ಹೇಗಿತ್ತೋ ಹಾಗೆ. ಗಾಜು ಕಾಣದ ಹಾಗೆ ಆರಕ್ಕೂ ಪೇಪರ್ ಸುತ್ತಿ ಕಾರಿನ ಹಿಂದೆ ಇಟ್ಟಳು.

ವಂದನಾಳ ಕಾಂಡೋದ ಕೆಳಗಿನ ಹಾಲ್‌ನಲ್ಲಿ ನಲವತ್ತು ಜನ ಸೇರಿದ್ದರು. ವಂದನಾ ಹಸಿರು ಸೀರೆ ಉಟ್ಟು ಬಾಳೆಎಲೆಯ ಮುಂದೆ ಕುಳಿತಿದ್ದಳು. ಎಲೆಯ ಮೇಲೆ ಹೋಳಿಗೆ, ಚಿತ್ರಾನ್ನ, ಕಡುಬು. ಎಲ್ಲ ದೇವಕಿಯೇ ಬೇಯಿಸಿದ್ದು, ಬಡಿಸಿದವರು ಬೇರೆಯವರು.

"ಉಪ್ಪಿನಕಾಯಿ ಎಲ್ಲಿ? ಎರಡು ತಿಂಗಳಿಂದ ಅದರದ್ದೇ ಕನಸು" ಎಂದಳು ವಂದನಾ.

"ನಂಗೂ ಒಂದು ಡಬ್ಬಿ ತಪಾವ್" ಎಂದ ಸಂತೋಷ.

ಮಸಾಲೆ ಅರೆದು ತಂದದ್ದಾಗಿತ್ತು. ಕಾಯಿಯನ್ನು ಭರಣಿಯಿಂದ ತೆಗೆದು ಅಲ್ಲೇ ಕಲಸಿ ಬಡಿಸುವುದೆಂದು ಮಾತು. ವಾರಿಜಾಕ್ಷಿಯಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಕೆಂಪು ಬಟ್ಟೆಯ ಭರಣಿಯ ಪೇಪರ್ ಬಿಚ್ಚಿದರು, ಬಟ್ಟೆ ಬಿಚ್ಚಿದರು.

ನೀರು ಕಾಣಲಿಲ್ಲ. ಬಿಳಿ, ಅಲ್ಲಲ್ಲಿ ಹಸಿರು, ಬೆಕ್ಕಿನ ಮೈಯ ಹಾಗೆ ಮೆತ್ತಗೆ. ವಾಸನೆ ಎಲೆಯವರೆಗೆ ಬಂತು. ವಂದನಾ ಮೂಗು ಮುಚ್ಚಿಕೊಂಡಳು.

ವಾರಿಜಾಕ್ಷಿಯಮ್ಮ ಎರಡನೆಯದು ಬಿಚ್ಚಿದರು. ಮೂರನೆಯದು ಬಿಚ್ಚಿದರು. ಆಮೇಲೆ ಯಾರೂ ಹೇಳದೆ ಅವರೇ ಬಿಳಿ ಬಟ್ಟೆಯದೊಂದನ್ನು ಹರಿದರು. ಸ್ವಚ್ಛ ನೀರು, ಹೊಂಬಣ್ಣದ ಕಾಯಿ, ಉಪ್ಪಿನ ಹುಳಿ ಪರಿಮಳ.

"ಇದು ಹಾಗಲ್ಲ" ಎಂದರು. "ಇದು ಅದಲುಬದಲು ಆಗಿದೆ. ಬೂಷ್ಟು ಇದ್ದದ್ದು ಬಿಳಿಯದರಲ್ಲಿ."

"ಬಿಳಿಯದರಲ್ಲಿ ಅಂತ ಹೇಗೆ ಗೊತ್ತು ಅತ್ತೆ?" ದೇವಕಿ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ನಾನೇ ಕಣ್ಣಲ್ಲಿ ನೋಡಿದ್ದೇನೆ. ದಿನಾ ನೋಡಿದ್ದೇನೆ."

"ದಿನಾ? ಬಿಚ್ಚುವ ಹಾಗಿಲ್ಲ ಅಂದವರು ದಿನಾ ಯಾಕೆ ಬಿಚ್ಚಿದಿರಿ?"

ವಾರಿಜಾಕ್ಷಿಯಮ್ಮ ಸುತ್ತ ನೋಡಿದರು. ಇಲ್ಲಿಯವರೆಗೆ ಬಂದ ಮಾತನ್ನು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. "ತೀರ್ಥ ಹಾಕ್ಲಿಕ್ಕೆ" ಎಂದರು.

"ಯಾವ ತೀರ್ಥ? ಹಾಲಿನ ಅಭಿಷೇಕದ್ದಾ?"

"ಹೌದು. ನಿನ್ನ ಕೈಯ ದೋಷ ಹೋಗ್ಲಿ ಅಂತ. ನಿನ್ನ ಒಳ್ಳೆಯದಕ್ಕೇ."

ಹೆಂಗಸರ ಸಾಲಿನಲ್ಲಿ ಒಂದು ಗುಜುಗುಜು ಎದ್ದಿತು. ಮೈಸೂರಿನ ಚಾಮುಂಡಮ್ಮ, ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳದವರು, ಜೋರಾಗಿಯೇ ಹೇಳಿದರು: "ಏನ್ರೀ ಇದು, ಉಪ್ಪಿನಕಾಯಿ ಭರಣಿಗೆ ದಿನಾ ಹಾಲೂ ನೀರೂ ಹೊಯ್ದ್ರಾ? ಕಲ್ಲು ಹಾಕಿಟ್ರೂ ಕೊಳೆಯುತ್ತಲ್ರೀ."

"ಮೂರು ವರ್ಷದ ಹಿಂದೆಯೂ ಹಾಕಿದ್ದಿರಾ ಅತ್ತೆ?" ಎಂದಳು ದೇವಕಿ.

"ಹಾಕಿದ್ದೆ. ಆಗಲೂ ನಿನ್ನ ಒಳ್ಳೆಯದಕ್ಕೇ." ಹೇಳಿ ಮುಗಿಸಿದ ಮೇಲೆ ಅವರ ಕಣ್ಣು ಬಿಳಿ ಬಟ್ಟೆಯ ಮೇಲೆ ನಿಂತಿತು. "ನೀನು ಬಟ್ಟೆ ಬದಲಿಸಿದ್ದೀ."

"ಹೌದು, ಬದಲಿಸಿದ್ದೇನೆ. ಬದಲಿಸಿದ್ದು ಬಟ್ಟೆ ಮಾತ್ರ. ಈ ಕೆಂಪು ಬಟ್ಟೆಯದರೊಳಗೆ ಇರುದು ನೀವೇ ಹಾಕಿದ ಕಾಯಿ, ನೀವೇ ಹೊಯ್ದ ತೀರ್ಥ. ಭರಣಿಗೆ ಹಾಕಿದ ಮೇಲೆ ಆ ಕಾಯಿಗೆ ನನ್ನ ಕೈ ತಾಗಿಲ್ಲ. ಈಗ ಹೇಳಿ, ಯಾರ ಕೈಗುಣ?"

ಕೀರ್ತಿರಾಜ್ ಎದ್ದು ಬಂದ. "ದೇವಕಿ, ಸಾಕು."

"ಅಂದು ಎಂಬತ್ತು ಜನರ ಎದುರು ನೀವು ಸಾಕು ಅಂದದ್ದು ನಂಗೆ ಕೇಳ್ಲೇ ಇಲ್ಲ."

ಅವನು ಹೋಗಿ ಕುಳಿತ.

"ಇದು ನನ್ನ ಬಯಕೆಯೋ ನಿಮ್ಮ ಕೋರ್ಟೋ?" ಎಂದಳು ವಂದನಾ. ಅವಳ ಮುಖ ಕೆಂಪಾಗಿತ್ತು. ಅಮ್ಮನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. "ನಂಗೆ ಹಸಿವೆ ಆಗ್ತಿದೆ. ಆ ನೀರು ಚೆಲ್ಲಿ ಬನ್ನಿ ಯಾರಾದರೂ. ಅತ್ತಿಗೆ, ನಿಮ್ಮದು ಕಲಸಿ ಬಡಿಸಿ."

ದೇವಕಿ ಕಲಸಿದಳು. ಅಮಟೆಯ ಹೋಳನ್ನು ಅನ್ನದ ಜೊತೆ ತೆಗೆದುಕೊಂಡು ಮೊದಲ ತುತ್ತನ್ನು ವಂದನಾಳ ಎಲೆಗೆ ಇಟ್ಟಳು. ಬಳೆ ತೊಡಿಸಿದಳು. ಮೂರು ವರ್ಷ ಮಗುವನ್ನು ಹಿಂದೆ ಎಳೆದುಕೊಂಡಿದ್ದ ಹೆಂಗಸರೇ ಸಾಲಾಗಿ ನಿಂತು ತಮಗೂ ಬಡಿಸು ಎಂದರು. ಅವಳು ಬಡಿಸಿದಳು. ಒಬ್ಬೊಬ್ಬರ ಮುಖವನ್ನೂ ನೋಡಿ ಬಡಿಸಿದಳು.

ವಾರಿಜಾಕ್ಷಿಯಮ್ಮ ಮೂಲೆಯ ಕುರ್ಚಿಯಲ್ಲಿ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತಿದ್ದರು.

ಆಮೇಲೆ ಅವರು ಅಡುಗೆಮನೆಗೆ ಬರಲಿಲ್ಲ. ಪೂಜೆ ಮಾಡಿದರು, ತೀರ್ಥವನ್ನು ಯಾರಿಗೂ ಕೊಡದೆ ತುಳಸಿ ಕುಂಡಕ್ಕೆ ಚೆಲ್ಲಿದರು. ಕೀರ್ತಿರಾಜ್ ಸಮಾಧಾನ ಮಾಡಲು ಹೋದ. "ಅಮ್ಮ, ಹಾಲಿನಿಂದ ಹಾಳಾದದ್ದು. ಬ್ಯಾಕ್ಟೀರಿಯಾ ಅದು. ಅಷ್ಟೇ."

"ತೀರ್ಥದಿಂದ ಯಾವುದಾದರೂ ಹಾಳಾಗುದುಂಟಾ?" ಎಂದರು ಅವರು. "ತೀರ್ಥ ಬಿದ್ದೂ ಕೆಟ್ಟಿತು ಅಂದರೆ ಹಾಕಿದ ಕೈಯೇ ಕೆಟ್ಟದ್ದು."

ಅವನು ಹತ್ತು ರೀತಿ ಹೇಳಿದ. ಅವರಿಗೆ ಹಿಡಿಸಲಿಲ್ಲ. ಕೃಷ್ಣನ ತಲೆಯ ಮೇಲಿಂದ ಇಳಿದ ನೀರಿಗಿಂತ ತಮ್ಮ ಕೈಯನ್ನು ಅನುಮಾನಿಸುವುದು ಅವರಿಗೆ ಸುಲಭವಾಯಿತು. ದೇವಕಿ ಅಲ್ಲೇ ಸೊಪ್ಪು ಬಿಡಿಸುತ್ತಿದ್ದಳು. ಮುಂದಿನ ಕಟ್ಟು ಬಿಚ್ಚಿದಳು.

ಅಕ್ಟೋಬರ್ ಕೊನೆಯ ವಾರ ವಂದನಾಗೆ ಹೆಣ್ಣು ಮಗು ಹುಟ್ಟಿತು. ಎಲ್ಲರೂ ಆಸ್ಪತ್ರೆಗೆ ಹೋದರು. ನರ್ಸ್ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು, ವಯಸ್ಸು ನೋಡಿ, ವಾರಿಜಾಕ್ಷಿಯಮ್ಮನ ಮುಂದೆ ಹಿಡಿದಳು.

ಒಂಬತ್ತು ವರ್ಷ ಈ ಮಗುವಿಗಾಗಿ ಹರಕೆ ಹೊತ್ತವರು. ಕೈ ಅರ್ಧ ಮೇಲೆ ಬಂತು. ಮತ್ತೆ ಸೆರಗಿನೊಳಗೆ ಹೋಯಿತು.

"ಬೇಡ. ಮೊದಲು ದೇವಕಿ ಎತ್ತಿಕೊಳ್ಳಲಿ" ಎಂದರು. "ನನ್ನ ಕೈ ಬೇಡ."

"ಅಮ್ಮ, ಎಂತದು ಇದು" ಎಂದಳು ವಂದನಾ ಮಂಚದಿಂದ. ಅಳು ಬಂದಿತ್ತು. ಎಲ್ಲರೂ ದೇವಕಿಯನ್ನು ನೋಡಿದರು. ಹಾಗೇನೂ ಇಲ್ಲ ಅತ್ತೆ, ಕೈಗುಣ ಅಂತ ಎಂತದೂ ಇಲ್ಲ ಎಂದು ಅವಳೊಬ್ಬಳು ಹೇಳಿದರೆ ಮುದುಕಿ ನಂಬುತ್ತಿದ್ದರು. ಅದು ದೇವಕಿಗೂ ಗೊತ್ತಿತ್ತು.

ಅವಳು ಕೈ ಚಾಚಿ ಮಗುವನ್ನು ತೆಗೆದುಕೊಂಡಳು. ಬೆಚ್ಚಗಿತ್ತು. ಭಾರವಿತ್ತು. ಎದೆಗೆ ಒತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವಳಾಗಿ ಕೊಡುವವರೆಗೆ ಯಾರೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಮೂವರಿಗೂ ಊಟ ಬಡಿಸಿದಳು. ಅನ್ನ, ಸಾರು, ಅಮಟೆ ಉಪ್ಪಿನಕಾಯಿ. ವಾರಿಜಾಕ್ಷಿಯಮ್ಮ ಎರಡು ತುತ್ತು ತಿಂದು ಎದ್ದು ಕೋಣೆಗೆ ಹೋದರು. ಕೀರ್ತಿರಾಜ್ ತಟ್ಟೆ ತೊಳೆದಿಟ್ಟು ಹೋದ.

ಶ್ರೀಯಾ ಕುಳಿತೇ ಇದ್ದಳು. "ಅಮ್ಮಾ, ಅಜ್ಜಿ ಬೇಬಿನ ಮುಟ್ಟಲೇ ಇಲ್ಲ. ಕೈಗುಣ ಎಲ್ಲ ನಿಜ ಅಲ್ಲ ಅಂತ ನೀನು ಹೇಳ್ಬಿಡು. ಯೂ ವನ್ ಆಲ್ರೆಡಿ."

"ಹೇಳ್ತೇನೆ."

"ಯಾವಾಗ?"

ದೇವಕಿ ತನ್ನ ತಟ್ಟೆಗೆ ಅನ್ನ ಹಾಕಿಕೊಂಡಳು. ಭರಣಿಯ ಮುಚ್ಚಳ ತೆಗೆದು, ಒಣ ಚಮಚದಲ್ಲಿ ಒಂದು ಹೋಳು ತೆಗೆದುಕೊಂಡು, ಮತ್ತೆ ಬಿಗಿಯಾಗಿ ಮುಚ್ಚಿದಳು.

"ನಾನು ಮೂರು ವರ್ಷ ಕೂತಿದ್ದೆ" ಎಂದಳು. "ಅವರದ್ದು ಎರಡೂವರೆ ತಿಂಗಳಾಯ್ತು ಅಷ್ಟೇ."